ವಿಲೀನದ ಸೀನಿಯಾರಿಟಿ ಪಟ್ಟಿ ಬಂತೇ? ನಂಬರ್ ನೋಡಿ ಗಾಬರಿಯಾಗುವ ಮೊದಲು ಹಾಕಬೇಕಾದ ಲೆಕ್ಕ

ಎರಡು ಏರ್‌ಲೈನ್‌ಗಳು ಒಂದಾಗಿ ಪೈಲಟ್‌ಗಳ ಸೇವಾ ಹಿರಿತನದ ಕೂಡುಪಟ್ಟಿ ಹೊರಬಿದ್ದಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ತಮ್ಮ ನಂಬರ್‌ ಕಡೆಗೆ. ನಿನ್ನೆ 400 ಇದ್ದದ್ದು ಇವತ್ತು 1600 ಆಗಿದ್ದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಬರೀ ನಂಬರ್‌ನಿಂದ ಏನೂ ತಿಳಿಯುವುದಿಲ್ಲ. ಯಾವ ಸೀಟು ಸಿಗುತ್ತದೆ, ಯಾವ ಬೇಸ್‌ನಲ್ಲಿ (ಯಾವ ಊರಿನಿಂದ ಹಾರಬೇಕು), ಎಷ್ಟು ವರ್ಷ ರಿಸರ್ವ್‌ನಲ್ಲಿ, ಅಂದರೆ ಕರೆ ಬಂದಾಗ ಹಾರಲು ಕಾಯುತ್ತಾ, ಕೊಳೆಯಬೇಕು ಎಂಬುದನ್ನು ನೀವೇ ಲೆಕ್ಕ ಹಾಕಿಕೊಳ್ಳಬೇಕು. ಎರಡೂ ಕಂಪನಿಗಳ ಹಳೆಯ ಪಟ್ಟಿ, ಅದರಲ್ಲಿರುವವರ ನಿವೃತ್ತಿ ದಿನಾಂಕ, ಒಂದು ಸ್ಪ್ರೆಡ್‌ಶೀಟ್ ಇದ್ದರೆ ಒಂದು ಸಂಜೆಯ ಕೆಲಸ.

ಮೊದಲು ನಿಮ್ಮ ಸಾಲು ಸರಿಯಿದೆಯೇ ನೋಡಿ

ಪೈಲಟ್‌ಗೆ ಸೇವೆಯ ದಿನಾಂಕ ಒಂದೇ ಅಲ್ಲ. ಕೆಲಸಕ್ಕೆ ಸೇರಿದ ದಿನ ಒಂದು, ಸೀನಿಯಾರಿಟಿ ಶುರುವಾಗುವ ದಿನ ಇನ್ನೊಂದು, ಸಂಬಳದ ಮೆಟ್ಟಿಲು ಎಣಿಸುವ ದಿನ ಮತ್ತೊಂದು. ಕೆಲವು ಕಡೆ ತರಬೇತಿಯ ಮೊದಲ ದಿನದಿಂದ ಸೀನಿಯಾರಿಟಿ ಎಣಿಸಿದರೆ, ಕೆಲವು ಕಡೆ ಲೈನ್ ಚೆಕ್ (ಪ್ರಯಾಣಿಕರ ವಿಮಾನ ಹಾರಿಸುವಾಗಿನ ಕೊನೆಯ ಪರೀಕ್ಷೆ) ಮುಗಿದ ದಿನದಿಂದ. ಎರಡು ಕಂಪನಿಗಳ ಪದ್ಧತಿ ಬೇರೆಯಾಗಿದ್ದು, ಪಟ್ಟಿ ಮಾಡಿದವರು ಅದನ್ನು ಒಂದೇ ಅಳತೆಗೆ ತರದಿದ್ದರೆ ಒಂದು ಕಡೆಯವರೆಲ್ಲ ತಿಂಗಳುಗಟ್ಟಲೆ ಹಿಂದೆ ಬೀಳುತ್ತಾರೆ. ಹೆಚ್ಚಿನ ತಪ್ಪು ಆಗುವುದೇ ಇಲ್ಲಿ. ಫರ್ಲೋ ಅವಧಿ, ಅಂದರೆ ಹೆಸರು ಪಟ್ಟಿಯಲ್ಲಿಟ್ಟುಕೊಂಡು ಸಂಬಳವಿಲ್ಲದೆ ಮನೆಗೆ ಕಳಿಸಿದ ಕಾಲ, ಮತ್ತು ದೀರ್ಘ ವೈದ್ಯಕೀಯ ರಜೆ ಹೇಗೆ ಎಣಿಕೆಯಾಗಿವೆ ಎಂದೂ ನೋಡಿ. ಒಂದೇ ಬ್ಯಾಚ್‌ನವರ ನಡುವಿನ ಕ್ರಮ ವಯಸ್ಸಿನ ಮೇಲೋ ಉದ್ಯೋಗಿ ಸಂಖ್ಯೆಯ ಮೇಲೋ ನಿಂತಿರುತ್ತದೆ. ಹಳೆಯ ಪಟ್ಟಿಯಲ್ಲಿ ನಿಮ್ಮ ಹಿಂದಿದ್ದವರು ಈಗ ಮುಂದೆ ಬಂದಿದ್ದರೆ ಬಹುಪಾಲು ಕಾರಣ ಇದೇ.

ಆಕ್ಷೇಪಕ್ಕೆ ಗಡುವು ಇರುತ್ತದೆ. ನೇಮಕಾತಿ ಪತ್ರ, ತರಬೇತಿ ದಾಖಲೆ, ಆ ಕಾಲದ ಸಂಬಳದ ಚೀಟಿ ಲಗತ್ತಿಸಿ ಬರಹದಲ್ಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ವಾಟ್ಸ್ಯಾಪ್ ಗುಂಪಿನ ಕೂಗಾಟ ಆಕ್ಷೇಪವಲ್ಲ.

ನಂಬರ್ ಬಿಡಿ, ಶೇಕಡಾ ತೆಗೆಯಿರಿ

‘ಅ’ ಕಂಪನಿಯಲ್ಲಿ 3000 ಪೈಲಟ್‌ಗಳು, ‘ಬ’ದಲ್ಲಿ 1000 ಎಂದಿಟ್ಟುಕೊಳ್ಳಿ. ನೀವು ‘ಬ’ದಲ್ಲಿ 400ನೆಯವರು, ಅಂದರೆ ಮೇಲಿನಿಂದ ಶೇ 40ರಲ್ಲಿ. ಮೂರಕ್ಕೆ ಒಂದರಂತೆ ಅನುಪಾತದಲ್ಲಿ ಬೆರೆಸಿದರೆ ನಿಮ್ಮ ಮುಂದೆ ‘ಅ’ದ 1200 ಜನ ಸೇರಿ ನೀವು 1600ನೆಯವರು. 4000ದಲ್ಲಿ 1600 ಅಂದರೆ ಮತ್ತೆ ಶೇ 40. ಕಳೆದುಕೊಂಡದ್ದು ಏನೂ ಇಲ್ಲ.

ಸೇರಿದ ದಿನಾಂಕದ ಮೇಲೆ ಬೆರೆಸಿದರೆ ಲೆಕ್ಕ ಬೇರೆ. ‘ಅ’ ಹಳೆಯ ಕಂಪನಿ, ಅಲ್ಲಿ ನಿಮಗಿಂತ ಮೊದಲು ಸೇರಿದವರು 2200 ಜನ ಎಂದಾದರೆ ನಿಮ್ಮ ಸ್ಥಾನ 2600, ಶೇ 65. ಒಂದು ಪಟ್ಟಿಯ ಬಾಲಕ್ಕೆ ಇನ್ನೊಂದನ್ನು ಹೊಲಿದರೆ 3400, ಶೇ 85. ಕೂಡುಕಂಪನಿಯಲ್ಲಿ 1800 ಕ್ಯಾಪ್ಟನ್ ಸೀಟುಗಳಿದ್ದರೆ ಮೊದಲ ವಿಧಾನದಲ್ಲಿ ನೀವು ಕ್ಯಾಪ್ಟನ್, ಉಳಿದೆರಡರಲ್ಲಿ ಫಸ್ಟ್ ಆಫೀಸರ್. 2001ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಟಿಡಬ್ಲ್ಯೂಎ ಎಂಬ ಇನ್ನೊಂದು ಏರ್‌ಲೈನ್ ಅನ್ನು ಕೊಂಡಾಗ ಅಲ್ಲಿಯ ಪೈಲಟ್‌ಗಳಲ್ಲಿ ಬಹಳಷ್ಟು ಜನ ಹೀಗೆ ಬಾಲಕ್ಕೆ ಬಿದ್ದರು. ಆ ಕಹಿಯಿಂದಲೇ 2007ರಲ್ಲಿ ಮೆಕ್‌ಕ್ಯಾಸ್ಕಿಲ್-ಬಾಂಡ್ ತಿದ್ದುಪಡಿ ಬಂದು, ಅಮೆರಿಕದಲ್ಲಿ ಪಟ್ಟಿಯನ್ನು ನ್ಯಾಯವಾಗಿ ಬೆರೆಸುವುದು, ಒಪ್ಪಂದವಾಗದಿದ್ದರೆ ಮಧ್ಯಸ್ಥಿಕೆಗೆ ಹೋಗುವುದು ಕಾನೂನಾಯಿತು.

ಈಗ ನಿವೃತ್ತಿಯ ಕಾಲಂ ಸೇರಿಸಿ

ಶೇಕಡಾ ಸರಿಹೋಯಿತೆಂದು ನೆಮ್ಮದಿಯಾಗುವವರು ಇಲ್ಲಿ ಎಡವುತ್ತಾರೆ. 65ಕ್ಕೆ ನಿವೃತ್ತಿ ಎಂದಿಟ್ಟುಕೊಂಡು, ನಿಮ್ಮ ಮುಂದಿರುವವರಲ್ಲಿ 10 ವರ್ಷದೊಳಗೆ ಎಷ್ಟು ಜನ ಹೋಗುತ್ತಾರೆ ಎಂದು ಎಣಿಸಿ. ‘ಅ’ದಲ್ಲಿ 900, ‘ಬ’ದಲ್ಲಿ 60, ಎಲ್ಲರೂ ಮೇಲಿನ ಶೇ 40ರಲ್ಲೇ ಇರುವವರು. ಖಾಲಿಯಾದ ಜಾಗಕ್ಕೆ ಹೊಸಬರು ಬಂದು ಒಟ್ಟು ಸಂಖ್ಯೆ ಹಾಗೇ ಉಳಿಯುತ್ತದೆ ಎಂದುಕೊಳ್ಳಿ. ವಿಲೀನವೇ ಆಗದಿದ್ದರೆ ‘ಅ’ದ 1200ನೆಯವರು 10 ವರ್ಷದಲ್ಲಿ 300ಕ್ಕೆ, ಅಂದರೆ ಶೇ 10ಕ್ಕೆ ಏರುತ್ತಿದ್ದರು. ‘ಬ’ದ 400ನೆಯವರು 340ಕ್ಕೆ, ಶೇ 34ಕ್ಕೆ. ಅನುಪಾತದ ಕೂಡುಪಟ್ಟಿಯಲ್ಲಿ ಇಬ್ಬರೂ 1600ರ ಆಸುಪಾಸಿನಿಂದ 640ಕ್ಕೆ ಬರುತ್ತಾರೆ: ಶೇ 16. ಮೊದಲ ದಿನ ಇಬ್ಬರಿಗೂ ನಷ್ಟವಿಲ್ಲ. ಹತ್ತನೇ ವರ್ಷ, ವಿಲೀನವಾಗದಿದ್ದರೆ ಇರುತ್ತಿದ್ದ ಜಾಗಕ್ಕಿಂತ ‘ಬ’ದವರು 18 ಶೇಕಡಾ ಅಂಶ ಮುಂದೆ, ‘ಅ’ದವರು 6 ಅಂಶ ಹಿಂದೆ. ‘ನಮ್ಮ ಹಿರಿಯರು ಬಿಟ್ಟುಹೋಗುವ ಸೀಟು ನಮ್ಮದು’ ಎಂದು ಹಳೆಯ ಕಂಪನಿಯವರು ಕಿಡಿಕಾರುವುದರ ಹಿಂದೆ ಇರುವುದು ಇದೇ ಲೆಕ್ಕ, ಬರೀ ಹೊಟ್ಟೆಕಿಚ್ಚಲ್ಲ. ಎದುರು ಪಕ್ಷದವರ ಜಾಗದಲ್ಲಿ ನಿಂತು ಒಮ್ಮೆ ಈ ಕಾಲಂ ತುಂಬಿ ನೋಡಿ. ವಾದದ ಯಾವ ಭಾಗ ಗಟ್ಟಿ, ಯಾವುದು ಬರೀ ಸಿಟ್ಟು ಎಂದು ಗೊತ್ತಾಗುತ್ತದೆ.

ವೈಡ್‌ಬಾಡಿ (ದೂರದ ಹಾರಾಟದ ದೊಡ್ಡ) ವಿಮಾನ ಒಂದೇ ಕಂಪನಿಯದಾಗಿದ್ದರೆ ಅದರ ಕ್ಯಾಪ್ಟನ್‌ಗಳನ್ನು ಮೊದಲು ಕೂರಿಸಿ, ಉಳಿದ ದರ್ಜೆಗಳನ್ನು ಒಂದೊಂದಾಗಿ ಬೆರೆಸುವುದುಂಟು. ಜೊತೆಗೆ ‘ಬೇಲಿ’ ಹಾಕುತ್ತಾರೆ: ಇಷ್ಟು ವರ್ಷ ಈ ವಿಮಾನದ ಸೀಟುಗಳಿಗೆ ಆ ಕಡೆಯವರು ಬಿಡ್ ಮಾಡುವಂತಿಲ್ಲ, ಅಂದರೆ ಸೀಟು ಕೇಳುವಂತಿಲ್ಲ, ಎಂದು. ಬೇಲಿ ತೆರೆಯುವ ದಿನಾಂಕವನ್ನು ನಿಮ್ಮ ನಿವೃತ್ತಿ ದಿನಾಂಕದ ಪಕ್ಕದಲ್ಲಿಟ್ಟು ನೋಡಿ. 58ರಲ್ಲಿರುವವರಿಗೆ 8 ವರ್ಷದ ಬೇಲಿ ಬೇಲಿಯಲ್ಲ, ಗೋಡೆ.

ಸಿಟ್ಟಿನಲ್ಲಿ ಪಟ್ಟಿಯನ್ನೇ ತಡೆದರೆ

ಅಮೆರಿಕದ ಏರ್‌ಲೈನ್‌ಗಳಾದ ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ 2005ರಲ್ಲಿ ಒಂದಾದವು. 2007ರಲ್ಲಿ ಮಧ್ಯಸ್ಥಗಾರ ಜಾರ್ಜ್ ನಿಕೊಲಾವ್ ಕೊಟ್ಟ ಪಟ್ಟಿಯಲ್ಲಿ, ಯುಎಸ್ ಏರ್‌ವೇಸ್‌ನ ಫರ್ಲೋದಲ್ಲಿದ್ದವರು ಸುಮಾರು 17 ವರ್ಷದ ಸೇವೆಯಿದ್ದರೂ ಅಮೆರಿಕ ವೆಸ್ಟ್‌ನ ತೀರಾ ಹೊಸಬರಿಗಿಂತ ಕೆಳಗೆ ಬಂದರು. ಹಾರುತ್ತಿರುವವರ ಸೀಟು ಬೇರೆ, ಮನೆಯಲ್ಲಿ ಕೂತವರ ಸೀಟು ಬೇರೆ ಎಂಬುದು ಅದರ ತರ್ಕ. ರೊಚ್ಚಿಗೆದ್ದ ಯುಎಸ್ ಏರ್‌ವೇಸ್ ಕಡೆಯ ಬಹುಸಂಖ್ಯಾತರು 2008ರಲ್ಲಿ ಪೈಲಟ್‌ಗಳ ಸಂಘವನ್ನೇ ಬದಲಿಸಿದರು. ಪಟ್ಟಿ ಜಾರಿಯಾಗಲಿಲ್ಲ, ಪಟ್ಟಿಯಿಲ್ಲದೆ ಕೂಡು ಒಪ್ಪಂದವಿಲ್ಲ, ಹೀಗಾಗಿ ಅದೇ ಯುಎಸ್ ಏರ್‌ವೇಸ್ ಗುಂಪು, ಕಂಪನಿ ದಿವಾಳಿಯಾಗಿದ್ದ ಕಾಲದಲ್ಲಿ ಕಡಿತವಾದ ಸಂಬಳದಲ್ಲೇ ವರ್ಷಗಟ್ಟಲೆ ಹಾರಿತು. ತಡೆಯುವ ಮತಕ್ಕೆ ಕೈಯೆತ್ತುವ ಮೊದಲು, ಹಳೆಯ ಮತ್ತು ಪ್ರಸ್ತಾಪಿತ ಸಂಬಳದ ವ್ಯತ್ಯಾಸವನ್ನು 12 ತಿಂಗಳು, ಆಮೇಲೆ 5 ವರ್ಷಕ್ಕೆ ಗುಣಿಸಿ ಕಾಗದದ ಮೇಲೆ ಬರೆದುಕೊಳ್ಳಿ.

ಸಂಬಳ: ದರಕ್ಕಿಂತ ಖಾತರಿ ಗಂಟೆ

ಗಂಟೆಯ ದರ ಮಾತ್ರ ಹೋಲಿಸುವುದು ಹಳೆಯ ತಪ್ಪು. ಹಾರಲಿ ಬಿಡಲಿ, ಎಷ್ಟು ಗಂಟೆಗೆ ದುಡ್ಡು ಖಾತರಿ ಎಂಬುದನ್ನು ಮೊದಲು ಹುಡುಕಿ. ಏರ್ ಇಂಡಿಯಾ ಜೊತೆ ವಿಲೀನದ ತಯಾರಿಯಲ್ಲಿದ್ದಾಗ ವಿಸ್ತಾರದ ಪೈಲಟ್‌ಗಳಿಗೆ ಬಂದ ಹೊಸ ಒಪ್ಪಂದದಲ್ಲಿ ಇದು 70 ಗಂಟೆಯಿಂದ 40ಕ್ಕೆ ಇಳಿದಿತ್ತು. 2024ರ ಏಪ್ರಿಲ್ ಹೊತ್ತಿಗೆ ಪೈಲಟ್‌ಗಳ ಕೊರತೆಯಿಂದ ವಿಮಾನಗಳು ರದ್ದಾಗುವ ಮಟ್ಟಕ್ಕೆ ಅಸಮಾಧಾನ ಹೋಯಿತು.

ದರ ಒಂದೇ ಎಂದಿಟ್ಟುಕೊಂಡರೂ ನೋಡಿ: 75 ಗಂಟೆ ಹಾರಿದ ತಿಂಗಳು ಎರಡರಲ್ಲೂ 75ರ ದುಡ್ಡು. 55 ಹಾರಿದರೆ ಹಳೆಯದರಲ್ಲಿ 70, ಹೊಸದರಲ್ಲಿ 55: ಶೇ 21 ಖೋತಾ. ಹೊಸ ವಿಮಾನಕ್ಕೆ ಸಿಮ್ಯುಲೇಟರ್ ತರಬೇತಿಗೆಂದು ಹೋಗಿ 30 ಗಂಟೆ ಮಾತ್ರ ಹಾರಿದರೆ 70ರ ಬದಲು 40: ಶೇ 43. ವಿಲೀನದ ವರ್ಷವೇ ತರಬೇತಿ ಹೆಚ್ಚು, ಹಾರಾಟ ಕಡಿಮೆ. ಆದ್ದರಿಂದ ನಿಮ್ಮ ಲಾಗ್‌ಬುಕ್‌ನ ಹಿಂದಿನ 24 ತಿಂಗಳ ಗಂಟೆಗಳನ್ನು ಹೊಸ ಸೂತ್ರಕ್ಕೆ ಹಾಕಿ ತಿಂಗಳು ತಿಂಗಳಾಗಿ ಹೋಲಿಸಿ; ಸರಾಸರಿ ತೆಗೆದರೆ ಕಡಿಮೆ ಹಾರಿದ ತಿಂಗಳ ನಷ್ಟ ಮುಚ್ಚಿಹೋಗುತ್ತದೆ.

ಕೊನೆಗೆ, ಹೊಸ ವೇತನ ಕೋಷ್ಟಕದಲ್ಲಿ ನಿಮ್ಮನ್ನು ಎಷ್ಟನೇ ವರ್ಷದ ಸಾಲಿನಲ್ಲಿ ಕೂರಿಸಿದ್ದಾರೆ ನೋಡಿ. ಹಿಂದಿನ ಕಂಪನಿಯ ಸೇವೆಯನ್ನು ಎಣಿಸದೆ ಒಂದನೇ ವರ್ಷದಿಂದ ಶುರುಮಾಡಿದ್ದರೆ, ಪಟ್ಟಿಯಲ್ಲಿ ಎಷ್ಟೇ ಮೇಲಿದ್ದರೂ ಸಂಬಳ ಹೊಸಬರದ್ದೇ. ಇದಕ್ಕೆ ಪ್ರತ್ಯೇಕ ಅರ್ಜಿ ಬೇಕು. ಸೀನಿಯಾರಿಟಿಯ ಆಕ್ಷೇಪದೊಳಗೆ ಸೇರಿಸಿದರೆ ಅದರ ಜೊತೆಗೇ ತಳ್ಳಿಹೋಗುತ್ತದೆ.