ಹೆರಿಗೆ ಕೋಣೆಯಲ್ಲಿ ರಕ್ತ ಅಳೆಯುವ ಕೆಲಸ

ಬೆಳಗಾವಿ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ಹೆರಿಗೆ ಕೋಣೆಯೇ ನನ್ನ ಕೆಲಸದ ಜಾಗ. ಇದಕ್ಕೂ ಮೊದಲು ಕೆಲವು ವರ್ಷ ಗರ್ಭಿಣಿಯರ ಅಧ್ಯಯನಗಳಲ್ಲಿ ರಿಸರ್ಚ್ ನರ್ಸ್ ಆಗಿ ಹಳ್ಳಿ ಹಳ್ಳಿ ಓಡಾಡಿದ್ದೇನೆ. ಅಲ್ಲಿ ಕಲಿತ ಒಂದು ಕೆಲಸವನ್ನು ಇವತ್ತಿಗೂ ಬಿಟ್ಟಿಲ್ಲ. ಹೆರಿಗೆ ಆದ ಮೇಲೆ ತಾಯಿಗೆ ಎಷ್ಟು ರಕ್ತ ಹೋಯಿತು ಅಂತ ಅಳೆದೇ ಬರೆಯುತ್ತೇನೆ. ಅದನ್ನು ಹೇಗೆ ಮಾಡುತ್ತೇನೆ, ಯಾಕೆ ಮಾಡುತ್ತೇನೆ ಅಂತ ಹೊಸದಾಗಿ ಸೇರಿದ ಸಿಸ್ಟರ್‌ಗಳು ಕೇಳುತ್ತಿರುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಹಳೇ ಕೇಸ್ ಶೀಟ್‌ಗಳನ್ನು ತಿರುವಿ ಹಾಕುತ್ತಿದ್ದೆ. ರಕ್ತಸ್ರಾವ ಎಷ್ಟು ಎಂಎಲ್ ಅಂತ ಬರೆಯುವ ಜಾಗದಲ್ಲಿ 150, 200, 200, 150, ಮತ್ತೆ 200. ಬಾಣಂತಿ ದಪ್ಪ ಇರಲಿ, ಸಣಕಲಿ ಇರಲಿ, ಅವಳಿ ಮಕ್ಕಳೇ ಆಗಿರಲಿ, ಅದೇ ಅಂಕಿ. ಅಳೆದು ಬರೆದರೆ ಅಂಕಿ ಹಾಗೆ ಬರುವುದೇ ಇಲ್ಲ. 180 ಬರುತ್ತದೆ, 240 ಬರುತ್ತದೆ, ಒಮ್ಮೊಮ್ಮೆ 365 ಬರುತ್ತದೆ. ಶೀಟ್ ತುಂಬ 200 ಕಂಡರೆ ಅಲ್ಲಿ ಯಾರೂ ಅಳೆದಿಲ್ಲ ಅಂತ ಈಗ ನೋಡಿದ ಕೂಡಲೇ ಗೊತ್ತಾಗುತ್ತದೆ.

ಕಣ್ಣಂದಾಜು ಎಷ್ಟು ತಪ್ಪುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಬೆಳಗಾವಿಯ ಜೆಎನ್‌ಎಂಸಿ, ಅಂದರೆ ಕೆಎಲ್‌ಇಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ತಂಡ, 123 ಹೆರಿಗೆಗಳಲ್ಲಿ ಇದನ್ನು ಹೋಲಿಸಿ ನೋಡಿತ್ತು. 2006ರಲ್ಲಿ ಅದು ಪ್ರಕಟವಾಯಿತು. ಕಣ್ಣಲ್ಲಿ ನೋಡಿ ಹೇಳಿದ ಅಂಕಿ, ಅಳತೆಯ ಡ್ರೇಪ್‌ನಲ್ಲಿ (ತಾಯಿಯ ಕೆಳಗೆ ಹಾಸುವ, ಅಳತೆ ಗೆರೆಗಳಿರುವ ಚೀಲದ ಪ್ಲಾಸ್ಟಿಕ್ ಹಾಳೆ) ಸಿಕ್ಕ ಅಂಕಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಇತ್ತು. ಸ್ವಲ್ಪ ಲೆಕ್ಕ ಹಾಕಿ ನೋಡಿ. 600 ಎಂಎಲ್ ಹೋದ ತಾಯಿಯನ್ನು ನೋಡಿ ನಾವು '400' ಅಂತೀವಿ. 500 ದಾಟಿದರೆ ಅತಿ ರಕ್ತಸ್ರಾವ ಅನ್ನುವುದು ನಮಗೆಲ್ಲ ಪಾಠ. ಆದರೆ 400 ಅಂದುಕೊಂಡಾಗ ಯಾರೂ ಓಡಿ ಬರುವುದಿಲ್ಲ. ಓಡಿ ಬರಬೇಕಾದ ಹೊತ್ತೇ ಅದು, ಅಲ್ವಾ?

ಈ ಡ್ರೇಪ್ ರೂಪುಗೊಂಡದ್ದೂ ನಮ್ಮ ಜಿಲ್ಲೆಯ ಕೆಲಸದಿಂದಲೇ. 2002ರಿಂದ 2005ರವರೆಗೆ ಜೆಎನ್‌ಎಂಸಿಯವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಇಲ್ಲಿನ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ಆಗ ಎಷ್ಟೋ ಹೆರಿಗೆ ಮನೆಯಲ್ಲೋ ಉಪಕೇಂದ್ರದಲ್ಲೋ ಆಗುತ್ತಿದ್ದವು, ಎಎನ್‌ಎಂ ಅಕ್ಕಂದಿರೇ ಮಾಡಿಸುತ್ತಿದ್ದರು. ರಕ್ತ ನಿಲ್ಲಿಸುವ ಆಕ್ಸಿಟೋಸಿನ್ ಇಂಜೆಕ್ಷನ್ ಇಡಲು 2ರಿಂದ 8 ಡಿಗ್ರಿ ತಂಪು ಬೇಕು. ಕರೆಂಟೇ ನೆಟ್ಟಗೆ ಇಲ್ಲದ ಊರಲ್ಲಿ ಅದನ್ನು ಎಲ್ಲಿ ಇಡುವುದು? ಅದೇ ಕೆಲಸಕ್ಕೆ ಬರುವ ಮಿಸೊಪ್ರೊಸ್ಟಾಲ್ ಗುಳಿಗೆಗೆ ಫ್ರಿಜ್ಜೂ ಬೇಡ, ಸೂಜಿಯೂ ಬೇಡ. ಒಟ್ಟು 1620 ಹೆಣ್ಣುಮಕ್ಕಳು ಅಧ್ಯಯನಕ್ಕೆ ಸೇರಿದರು. ಮಗು ಹುಟ್ಟಿದ ಕೂಡಲೇ ಅರ್ಧದಷ್ಟು ಜನರಿಗೆ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್, ಉಳಿದವರಿಗೆ ಹಾಗೇ ಕಾಣುವ, ಔಷಧ ಇಲ್ಲದ ಗುಳಿಗೆ ಕೊಟ್ಟರು. ಎಲ್ಲರ ಕೆಳಗೂ ಡ್ರೇಪ್ ಹಾಸಿ ರಕ್ತ ಅಳೆದರು. ಔಷಧ ಇಲ್ಲದ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 12 ಜನರಿಗೆ ಅತಿ ರಕ್ತಸ್ರಾವ ಆಗಿತ್ತು. ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ ಅದು 6.4ಕ್ಕೆ ಇಳಿದಿತ್ತು. ಚಳಿ ನಡುಕ, ಜ್ವರ ಸ್ವಲ್ಪ ಹೊತ್ತು ಕಾಣಿಸಿಕೊಂಡು ಹೋಗುತ್ತಿದ್ದವು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಗುಳಿಗೆಯನ್ನು ಹೆರಿಗೆಯ ರಕ್ತಸ್ರಾವ ತಡೆಯಲು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆ ಅಕ್ಕಂದಿರು ಕಂದೀಲಿನ ಬೆಳಕಲ್ಲಿ ಅಳೆಯದೆ ಸುಮ್ನೆ '200' ಅಂತ ಬರೆದಿದ್ದರೆ ಎರಡು ಗುಂಪಿಗೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ನನಗೆ ಅವರ ಮೇಲೆ ದೊಡ್ಡ ಗೌರವ.

ಈಗ ನಾನು ಮಾಡುವ ರೀತಿ ಹೇಳುತ್ತೇನೆ.

ಮಗು ಹೊರಗೆ ಬಂದ ಮೇಲೆ ಮೊದಲು ಗರ್ಭದ ನೀರು ಹರಿದು ಹೋಗಲು ಬಿಡುತ್ತೇನೆ. ಡ್ರೇಪ್ ಮೊದಲೇ ಹಾಸಿದರೆ ನೀರೂ ರಕ್ತವೂ ಕೂಡಿ ಲೆಕ್ಕ ಕೆಡುತ್ತದೆ. ನೀರು ಹೋದ ಮೇಲೆ ತಾಯಿಯ ಸೊಂಟ ಎತ್ತಿಸಿ ಕೆಳಗೆ ಡ್ರೇಪ್ ಜಾರಿಸುತ್ತೇನೆ, ಮೇಲಿನ ದಾರಗಳನ್ನು ಹೊಟ್ಟೆ ಸುತ್ತ ಕಟ್ಟುತ್ತೇನೆ. ಅದರ ಚೀಲ ಟೇಬಲ್ಲಿನ ಅಂಚಿನಿಂದ ಕೆಳಗೆ ನೇತಾಡಬೇಕು. ಮಡಚಿಕೊಂಡರೆ ರಕ್ತ ಮೇಲೆಯೇ ನಿಲ್ಲುತ್ತದೆ, ಚೀಲ ಖಾಲಿ ಕಾಣುತ್ತದೆ. ಓದುವಾಗ ಬಗ್ಗಿ ಕಣ್ಣನ್ನು ಗೆರೆಯ ಮಟ್ಟಕ್ಕೆ ತರುತ್ತೇನೆ. ನಿಂತಲ್ಲೇ ಮೇಲಿಂದ ನೋಡಿದರೆ ಅಂಕಿ ತಪ್ಪುತ್ತದೆ. ಮೊದಲ ಒಂದು ತಾಸು ಪ್ರತಿ 15 ನಿಮಿಷಕ್ಕೆ ಚೀಲ, ನಾಡಿ, ಬಿಪಿ, ಗರ್ಭಕೋಶ ಗಟ್ಟಿ ಇದೆಯಾ ಮೆತ್ತಗಿದೆಯಾ, ಈ ನಾಲ್ಕನ್ನೂ ನೋಡಿ ಸಮಯ ಹಾಕಿ ಬರೆಯುತ್ತೇನೆ. ಆಮೇಲೂ ರಕ್ತ ಹೋಗುತ್ತಿದ್ದರೆ ಎರಡನೇ ತಾಸಿಗೂ ಡ್ರೇಪ್ ತೆಗೆಯುವುದಿಲ್ಲ.

ಬಟ್ಟೆಯದ್ದು ಬೇರೆಯೇ ಕಥೆ. ನಮ್ಮ ಕಡೆ ಹೆರಿಗೆಗೆ ಬರುವಾಗ ಮನೆಯವರು ಹಳೇ ಕಾಟನ್ ಸೀರೆ ಹರಿದು ತರುತ್ತಾರೆ. ಮೆತ್ತಗಿರುತ್ತದೆ ಅಂತ. ಆ ಸೀರೆ ಎಷ್ಟು ರಕ್ತ ಕುಡಿದರೂ ನೋಡುವವರಿಗೆ ಬರೀ ಕಲೆ ಆದಂತೆ ಕಾಣುತ್ತದೆ. ಅದಕ್ಕೆ ಹೆರಿಗೆ ಕೋಣೆಯಲ್ಲಿ ಒಂದು ತಕ್ಕಡಿ ಇಟ್ಟಿದ್ದೇವೆ. ಒಣ ಪ್ಯಾಡ್ ಎಷ್ಟು ಗ್ರಾಂ, ಒಣ ಗಾಜ್ ಬಟ್ಟೆ ಎಷ್ಟು ಗ್ರಾಂ ಅಂತ ಗೋಡೆಯ ಮೇಲೆ ಚೀಟಿ ಅಂಟಿಸಿದ್ದೇವೆ. ಸೀರೆ ತುಂಡನ್ನು ಹಾಸುವ ಮೊದಲೇ ತೂಗುತ್ತೇವೆ. ನೆಂದ ಮೇಲೆ ತೂಗಿ ಒಣ ತೂಕ ಕಳೆದರೆ ಸಾಕು, ಒಂದು ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಎಂಎಲ್. ಡ್ರೇಪ್ ಮುಗಿದುಹೋದ ದಿನ ಬರೀ ತಕ್ಕಡಿಯ ಮೇಲೇ ಕೆಲಸ ನಡೆಸಿದ್ದೇವೆ. ತಕ್ಕಡಿಗೆ ಜಾಸ್ತಿ ದುಡ್ಡೇನೂ ಬೇಡ. ಎಲ್ಲ ಪಿಎಚ್‌ಸಿಯಲ್ಲೂ ಇರಲಿ ಅಂತ ನನ್ನ ಆಸೆ.

ಒಂದು ರಾತ್ರಿಯ ಹೆರಿಗೆ ಹೇಳಲೇಬೇಕು. ಎರಡನೇ ಹೆರಿಗೆ, ಸಲೀಸಾಗಿ ಆಯಿತು. ಮಾಸು ಪೂರ್ತಿ ಬಂತು. ಗರ್ಭಕೋಶ ಕಲ್ಲಿನ ಹಾಗೆ ಗಟ್ಟಿ. ನೋಡಿದರೆ ಎಲ್ಲ ಸರಿ ಇತ್ತು. ಸಣ್ಣಗೆ, ದಾರದ ಹಾಗೆ ರಕ್ತ ಜಿನುಗುತ್ತಿತ್ತು ಅಷ್ಟೇ. ಅತ್ತೆ ಬಾಗಿಲಲ್ಲಿ ನಿಂತು, 'ಅದೇನ ಹಾಸೀರಿ ಬಾಯಾರ? ಕೆಟ್ಟ ರಕ್ತ ಐತಿ, ಹೋಗ್ಲಿ ಬಿಡ್ರಿ, ಒಳ್ಳೇದ' ಅಂದರು. ಈ ಮಾತು ನಾನು ಊರೂರಲ್ಲಿ ಕೇಳಿದ್ದೇನೆ. ಪ್ರೀತಿಯಿಂದಲೇ ಹೇಳುತ್ತಾರೆ. 'ಯವ್ವಾ, ಇದು ಆಕೀ ಮೈಯಾಗಿನ ಒಳ್ಳೇ ರಕ್ತನ. ಎಷ್ಟ ಹೋಗಾಕತ್ತೈತಿ ಅಂತ ನೋಡಾಕ ಹಾಸೇನಿ' ಅಂದೆ. ಅರ್ಧ ತಾಸಿನೊಳಗೆ ಚೀಲದಲ್ಲಿ 300ರ ಗೆರೆ ಮುಟ್ಟಿತು. ನಾಡಿ 112 ಇತ್ತು. ಡಾಕ್ಟರಿಗೆ ಫೋನ್ ಮಾಡಿ 'ಸ್ವಲ್ಪ ಜಾಸ್ತಿ ಹೋಗ್ತಿದೆ ಸರ್' ಅನ್ನಲಿಲ್ಲ. '300 ಆಗಿದೆ, ನಾಡಿ 112, ಗರ್ಭಕೋಶ ಗಟ್ಟಿ ಇದೆ, ಆದರೂ ರಕ್ತ ನಿಂತಿಲ್ಲ, ಒಳಗೆಲ್ಲೋ ಹರಿದಿರಬೇಕು' ಅಂದೆ. ಅವರು ಬಂದು ನೋಡಿದರೆ ಗರ್ಭಕೋಶದ ಬಾಯಿ ಹರಿದಿತ್ತು. ಹೊಲಿಗೆ ಹಾಕಿದರು, ರಕ್ತ ನಿಂತಿತು. ಬೆಳಗ್ಗೆ ತಾಯಿ ಕೂತು ಮಗುವಿಗೆ ಹಾಲು ಕೊಟ್ಟಳು. ಆಕೆಯ ಹಿಮೋಗ್ಲೋಬಿನ್ ಮೊದಲೇ 8ರ ಹತ್ತಿರ, ಅಂದರೆ ತೀರ ಕಡಿಮೆ ಇತ್ತು. ಅಂಥವರಿಗೆ 500 ಆಗುವವರೆಗೆ ಕಾಯುವುದು ತುಂಬ ತಡ.

300ಕ್ಕೇ ಎಚ್ಚೆತ್ತುಕೊಳ್ಳುವುದು ನಮ್ಮ ಮನಸ್ಸಿಗೆ ಬಂದ ನಿಯಮ ಅಲ್ಲ. ಆಫ್ರಿಕಾದ ನಾಲ್ಕು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ನಡೆದ ಇ-ಮೋಟಿವ್ ಅಧ್ಯಯನ 2023ರಲ್ಲಿ ಬಂತು. ಅಲ್ಲೂ ಅಳತೆಯ ಡ್ರೇಪ್ ಬಳಸಿದರು. ಅತಿ ರಕ್ತಸ್ರಾವ ಕಂಡ ಕೂಡಲೇ ಗರ್ಭಕೋಶ ಉಜ್ಜುವುದು, ಆಕ್ಸಿಟೋಸಿನ್, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಒಳಗೆ ಪರೀಕ್ಷೆ, ಎಲ್ಲವನ್ನೂ ಒಟ್ಟಿಗೇ ಶುರು ಮಾಡಿದರು. ಮಾಮೂಲಿ ಆರೈಕೆ ಮುಂದುವರಿಸಿದ ಆಸ್ಪತ್ರೆಗಳಲ್ಲಿ ಅರ್ಧದಷ್ಟು ಕೇಸ್ ಮಾತ್ರ ಪತ್ತೆಯಾದವು, ಈ ಕ್ರಮದಲ್ಲಿ ನೂರಕ್ಕೆ 93 ಪತ್ತೆಯಾದವು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ, 300 ಎಂಎಲ್ ಜೊತೆ ನಾಡಿ ಅಥವಾ ಬಿಪಿ ಏರುಪೇರಾದರೆ ಚಿಕಿತ್ಸೆ ಶುರು ಮಾಡಿ ಅಂತ ಹೇಳಿತು. ಟ್ರಾನೆಕ್ಸಾಮಿಕ್ ಆಸಿಡ್ ಕೆಲಸ ಮಾಡಬೇಕಾದರೆ ಹೆರಿಗೆಯಾದ 3 ತಾಸಿನೊಳಗೆ ಕೊಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಅಥಣಿ ಕಡೆಯಿಂದ ಬೆಳಗಾವಿ ನೂರು ಕಿಲೋಮೀಟರಿಗೂ ಹೆಚ್ಚು. ಖಾನಾಪುರದ ಕಾಡಿನ ಊರುಗಳಲ್ಲಿ ಮಳೆಗಾಲದ ದಾರಿ ಹೇಗಿರುತ್ತದೆ ಅಂತ ಹೋದವರಿಗೇ ಗೊತ್ತು. 108 ಬಂದು ದೊಡ್ಡ ಆಸ್ಪತ್ರೆ ಮುಟ್ಟುವುದರೊಳಗೆ ಆ 3 ತಾಸಿನಲ್ಲಿ ಎಷ್ಟು ಉಳಿದಿರುತ್ತದೆ? ಅದಕ್ಕೇ ಆ ಔಷಧದ ಮೊದಲ ಡೋಸ್ ಇಲ್ಲೇ ಕೊಟ್ಟು, ಅಳತೆ ಮತ್ತು ಸಮಯ ರೆಫರಲ್ ಚೀಟಿಯಲ್ಲಿ ಬರೆದೇ ಕಳಿಸುತ್ತೇನೆ. ಅಲ್ಲಿನ ಡಾಕ್ಟರ್ ಆ ಅಂಕಿ ನೋಡಿ ರಕ್ತದ ಬಾಟಲಿ ಮೊದಲೇ ತಯಾರು ಮಾಡಿಸುತ್ತಾರೆ.

ಅಧ್ಯಯನದ ದಿನಗಳ ಬಗ್ಗೆ ಒಂದು ಮಾತು. ಅಧ್ಯಯನಕ್ಕೆ ಸೇರಲು ತಾಯಿಯ ಒಪ್ಪಿಗೆ ಕೇಳುವ ಕೆಲಸವನ್ನು ನಾನು ಹೆರಿಗೆ ನೋವಿನ ಹೊತ್ತಿಗೆ ಇಟ್ಟುಕೊಳ್ಳುತ್ತಿರಲಿಲ್ಲ. ನೋವಲ್ಲಿ ಇರುವವರು ಏನು ಕೇಳಿದರೂ ಹೂಂ ಅಂತಾರೆ. ಏಳು, ಎಂಟು ತಿಂಗಳಲ್ಲಿ ತಪಾಸಣೆಗೆ ಬಂದಾಗಲೇ ತಾಯಿ ಕಾರ್ಡ್ ಪಕ್ಕ ಇಟ್ಟುಕೊಂಡು ನಿಧಾನವಾಗಿ ಹೇಳುತ್ತಿದ್ದೆ. ಜೊತೆಗೆ ಬಂದ ಅತ್ತೆಯೋ ಗಂಡನೋ ಉತ್ತರ ಕೊಟ್ಟುಬಿಡುತ್ತಾರೆ. ಅವರಿಗೂ ಎಲ್ಲ ಹೇಳಿ, ಆಮೇಲೆ ಆಶಾ ಅಕ್ಕನಿಗೆ ಅವರನ್ನು ಹೊರಗೆ ಮಾತಾಡಿಸಲು ಹೇಳಿ, ಹುಡುಗಿಯನ್ನು ಒಬ್ಬಳನ್ನೇ ಕೇಳುತ್ತಿದ್ದೆ. 'ನಾ ಹೇಳಿದ್ದನ್ನ ನೀ ನಿಮ್ಮ ಅವ್ವಗ ಹೆಂಗ ಹೇಳ್ತಿ, ಹೇಳ ನೋಡೂಣ ತಂಗಿ' ಅಂದರೆ ತಿಳಿದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಬೇಡ ಅಂದವರಿಗೂ ಅದೇ ಮಂಚ, ಅದೇ ಔಷಧ, ಅದೇ ಕಾಳಜಿ. ಈ ಮಾತನ್ನು ಬಾಯಲ್ಲಿ ಹೇಳಿದರೆ ಸಾಲದು. ಬೇಡ ಅಂದವಳು ಮುಂದಿನ ತಪಾಸಣೆಗೆ ಬಂದಾಗ ನಾವು ಹೇಗೆ ಮಾತಾಡಿಸುತ್ತೇವೆ ಅಂತ ಇಡೀ ಓಣಿ ನೋಡುತ್ತದೆ.

ಬಾಗಲಕೋಟೆ, ಬೆಳಗಾವಿಯಂಥ ಊರುಗಳ ಹೆರಿಗೆ ಕೋಣೆಯ ಅಂಕಿ ದೂರ ಹೋಗುತ್ತದೆ ಅನ್ನುವುದಕ್ಕೆ ಇನ್ನೊಂದು ಉದಾಹರಣೆ ಇದೆ. ಫ್ರಿಜ್ ಬೇಡದ ಕಾರ್ಬೆಟೋಸಿನ್ ಇಂಜೆಕ್ಷನ್ ಆಕ್ಸಿಟೋಸಿನ್‌ಗೆ ಸಮನಾ ಅಂತ 10 ದೇಶಗಳಲ್ಲಿ ಸುಮಾರು 30 ಸಾವಿರ ಹೆಣ್ಣುಮಕ್ಕಳಲ್ಲಿ ನೋಡಿದರು. ಈ ಎರಡೂ ಊರಿನ ವೈದ್ಯರು ಅದರಲ್ಲಿದ್ದರು. 2018ರಲ್ಲಿ ಫಲಿತಾಂಶ ಬಂತು. 500 ಎಂಎಲ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದವರು, ಇಲ್ಲವೇ ಗರ್ಭಕೋಶ ಗಟ್ಟಿ ಮಾಡುವ ಇನ್ನೊಂದು ಔಷಧ ಬೇಕಾದವರು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ, ನೂರಕ್ಕೆ 14.5 ಮತ್ತು 14.4.

ಸಿಸೇರಿಯನ್‌ನಲ್ಲಿ ಅಳೆಯುವುದು ಇದಕ್ಕಿಂತ ಕಷ್ಟ. ರಕ್ತ ಎಳೆದುಕೊಳ್ಳುವ ಸಕ್ಷನ್ ಬಾಟಲಿಯಲ್ಲಿ ಗರ್ಭದ ನೀರೂ ಸೇರಿರುತ್ತದೆ. ಈಗ ನಾವು ಮಗು ತೆಗೆದು ನೀರು ಎಳೆದ ಕೂಡಲೇ ಬಾಟಲಿಯ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆಯುತ್ತೇವೆ. ಗೆರೆಯ ಮೇಲಿನದನ್ನು ರಕ್ತ ಅಂತ ಹಿಡಿದು, ರಕ್ತ ಒರೆಸಿದ ಮಾಪ್ ಬಟ್ಟೆಗಳನ್ನು ತೂಗಿ ಕೂಡಿಸುತ್ತೇವೆ. ಗೆರೆ ಎಳೆಯಲು ಒಬ್ಬ ಸಿಸ್ಟರ್ ಬಾಟಲಿ ಹತ್ತಿರವೇ ನಿಲ್ಲಬೇಕು. ರಾತ್ರಿ ಪಾಳಿಯಲ್ಲಿ ಆ ಒಬ್ಬರನ್ನು ಹೊಂದಿಸುವುದಕ್ಕೇ ನಾನು ಈಗ ಡ್ಯೂಟಿ ಪಟ್ಟಿ ಬದಲಿಸುತ್ತಿದ್ದೇನೆ.