ರೈನೋ ದುಂಬಿಗೆ ಹರಳಿಂಡಿ ಮಡಕೆ

ಎಳೆ ತೆಂಗಿನ ಗರಿ ಬೀಸಣಿಗೆ ತರ ಕತ್ತರಿಸಿಕೊಂಡು ಬಿಚ್ಚಿಕೊಂಡರೆ ಅದು ರೈನೋ ದುಂಬಿಯ ಕೆಲಸ. ಕುರುವಾಯಿ ಅಂತಲೂ ಕರೆಯುತ್ತಾರೆ. ರಾತ್ರಿ ಬಂದು ಸುಳಿ ಕೊರೆಯುತ್ತದೆ. ಗರಿ ಬಿಚ್ಚಿದ ಮೇಲೇ ನಮಗೆ ಗೊತ್ತಾಗುವುದು. ಅಷ್ಟರಲ್ಲಿ ದುಂಬಿ ಇನ್ನೊಂದು ಮರದಲ್ಲಿರುತ್ತದೆ. ಹಾಗಾಗಿ ಮರದ ಹಿಂದೆ ಔಷಧಿ ಹಿಡಿದು ಓಡುವ ಬದಲು ದುಂಬಿಯನ್ನೇ ಕರೆಸಿಕೊಳ್ಳೋಣ ಅಂತ ಆಮಿಷ ಇಡಲು ಶುರು ಮಾಡಿದೆ.

ಬೇಕಾಗುವುದು ಹರಳಿಂಡಿ (ಹರಳೆಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ) ಮತ್ತು ಅಗಲ ಬಾಯಿಯ ಮಣ್ಣಿನ ಮಡಕೆ. ಒಂದು ಕೆಜಿ ಹಿಂಡಿಗೆ 5 ಲೀಟರ್ ನೀರು ಹಾಕಿ ನೆನೆಸುತ್ತೇನೆ. ಹುಳಿತು ವಾಸನೆ ಎದ್ದರೆ ಮನೆಯವರು ಮೂಗು ಮುಚ್ಚಿಕೊಳ್ಳುತ್ತಾರೆ, ದುಂಬಿಗೆ ಅದೇ ಇಷ್ಟ! ಮಡಕೆಯನ್ನು ಕುತ್ತಿಗೆವರೆಗೆ ಹೂತು ಈ ಹುಳಿತ ಹಿಂಡಿ ಗಂಜಿ ಸುರಿಯುತ್ತೇನೆ. ಬಿದ್ದ ದುಂಬಿ ಮತ್ತೆ ಹತ್ತಿ ಹೋಗದಿರಲಿ ಅಂತ ಸ್ವಲ್ಪ ಕೀಟನಾಶಕ ಸೇರಿಸುತ್ತೇನೆ. ಯಾವುದು, ಎಷ್ಟು ಅನ್ನುವುದನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಕೊಳ್ಳಿ. ಹಳೆಯ ಕರಪತ್ರಗಳಲ್ಲಿ ಕಾರ್ಬರಿಲ್ ಅಂತ ಇರುತ್ತದೆ, ಅದು 2018ರಲ್ಲೇ ನಿಷೇಧವಾಗಿದೆ. ಗಾಟು ವಾಸನೆಯ ಔಷಧಿಯನ್ನು ನಾನಂತೂ ಹಾಕುವುದಿಲ್ಲ, ಹಿಂಡಿ ವಾಸನೆಯೇ ಮುಚ್ಚಿಹೋದರೆ ಆಮಿಷ ಇಟ್ಟು ಏನು ಪ್ರಯೋಜನ?

ಮಳೆಗಾಲದಲ್ಲೇ ದುಂಬಿ ಜಾಸ್ತಿ. ಆದರೆ ಮಳೆ ನೀರು ತುಂಬಿದರೆ ಗಂಜಿ ಸಪ್ಪೆಯಾಗುತ್ತದೆ. ಅದಕ್ಕೆ ಮೇಲೆ ಸೋಗೆಯ ಚಿಕ್ಕ ಚಪ್ಪರ, ಸುತ್ತ ಮುಳ್ಳು. ಮುಳ್ಳನ್ನು ಮರೆಯಬೇಡಿ. ಔಷಧಿ ಹಾಕದಿದ್ದರೂ ಹರಳಿಂಡಿ ತಿಂದರೆ ದನ, ನಾಯಿಗೆ ವಿಷವೇ. ಸತ್ತ ದುಂಬಿಗಳನ್ನೂ ಕೋಳಿಗೆ ಎಸೆಯದೆ ಹೂಳಬೇಕು.

ಮಡಕೆಯನ್ನೇ ನಂಬಿ ಕೂತರೆ ಆಗದು. ದುಂಬಿ ಹುಟ್ಟುವುದು ನಮ್ಮದೇ ತಿಪ್ಪೆಯಲ್ಲಿ, ಕೊಳೆತ ತೆಂಗಿನ ಬೊಡ್ಡೆಯಲ್ಲಿ. ಮರಿಹುಳು ಅಲ್ಲೇ ತಿಂಗಳುಗಟ್ಟಲೆ ಬೆಳೆಯುತ್ತದೆ. ಗೊಬ್ಬರ ಕೆದಕಿದಾಗ ಸಿಗುವ ದಪ್ಪ ಬಿಳಿ ಹುಳುಗಳನ್ನು ಆರಿಸಿ ಕೊಲ್ಲುತ್ತೇನೆ, ಗುಂಡಿಗೆ ಮರಿಹುಳುಗಳನ್ನು ಕೊಲ್ಲುವ ಮೆಟರೈಜಿಯಂ ಶಿಲೀಂಧ್ರ ಕೊಡುತ್ತೇನೆ. ಎಳೆ ಗಿಡಗಳ ಮೇಲಿನ ಮೂರು ಗರಿಗಳ ಬುಡಕ್ಕೆ 250 ಗ್ರಾಂ ಬೇವಿನ ಹಿಂಡಿ, ಅಷ್ಟೇ ಮರಳು ಬೆರೆಸಿ ತುಂಬುತ್ತೇನೆ. ಇಷ್ಟೆಲ್ಲ ಯಾಕೆ ಅಂದರೆ, ದುಂಬಿ ಮಾಡಿದ ಗಾಯದ ವಾಸನೆ ಹಿಡಿದು ಕೆಂಪು ಮೂತಿ ಹುಳು ಬರುತ್ತದೆ. ಅದು ಒಳಹೊಕ್ಕರೆ ಮರವೇ ಹೋಗುತ್ತದೆ.

ಅಂಗಡಿಯಲ್ಲಿ ದುಂಬಿಯನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆಯೂ (ಫೆರಮೋನ್ ಟ್ರ್ಯಾಪ್) ಸಿಗುತ್ತದೆ. ಎರಡು ಹೆಕ್ಟೇರಿಗೆ ಒಂದು ಸಾಕು. ನನ್ನದು ಚಿಕ್ಕ ತೋಟ, ಒಬ್ಬನೇ ಕಟ್ಟಿದರೆ ಊರಿನ ದುಂಬಿಗಳೆಲ್ಲ ನನ್ನ ಕಡೆಗೇ ಬಂದಾವು ಅಲ್ವಾ? ಅಕ್ಕಪಕ್ಕದವರೂ ಕಟ್ಟಿದರೆ ನಾನೂ ಕಟ್ಟುತ್ತೇನೆ.