ರಹೀಂ ಸಾಹೇಬರ ಕ್ರಮವನ್ನು ನಮ್ಮ ಮೈದಾನದಲ್ಲಿ ಅಳವಡಿಸಿಕೊಂಡ ಬಗೆ

ಬೆಂಗಳೂರಿನಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸುವ ನಾನು ಅಭ್ಯಾಸದ ಕ್ರಮವನ್ನು ರೂಪಿಸಿಕೊಂಡದ್ದು ಸೈಯದ್ ಅಬ್ದುಲ್ ರಹೀಂ ಅವರ ವೃತ್ತಿಜೀವನವನ್ನು ಓದಿ ತಿಳಿದುಕೊಂಡ ಮೇಲೆ. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತಕ್ಕೆ ಚಿನ್ನ ಗೆದ್ದುಕೊಟ್ಟ ತರಬೇತುದಾರರೆಂದು ಅವರನ್ನು ನೆನೆಯುವುದು ರೂಢಿ. ನನಗಾದರೋ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅವರು ಮೂಲತಃ ಹೈದರಾಬಾದಿನ ಒಬ್ಬ ಶಾಲಾ ಶಿಕ್ಷಕರಾಗಿದ್ದರು ಎಂಬ ಸಂಗತಿ.

ಆಟಗಾರನ ದೋಷವನ್ನು ಬಾಯಿಮಾತಿನಲ್ಲಿ ತಿದ್ದುವ ಬದಲು, ಆ ದೋಷಕ್ಕೆ ಆಸ್ಪದವೇ ಇಲ್ಲದಂತೆ ಆಟದ ನಿಯಮವನ್ನೇ ಬದಲಿಸುವುದು ಅವರ ಪದ್ಧತಿಯಾಗಿತ್ತು. ಬಲಗಾಲಿನವರು ಎಡಗಾಲಿನಿಂದಲೇ ಆಡಬೇಕಾದ ಪಂದ್ಯಾವಳಿಗಳನ್ನೂ ಡ್ರಿಬ್ಲಿಂಗ್ (ಚೆಂಡನ್ನು ಕಾಲಿನಲ್ಲೇ ತಳ್ಳಿಕೊಂಡು ಮುನ್ನುಗ್ಗುವುದು) ಮಾಡಲು ಅವಕಾಶವಿಲ್ಲದ ಪಂದ್ಯಾವಳಿಗಳನ್ನೂ ಅವರು ಹೈದರಾಬಾದಿನಲ್ಲಿ ಏರ್ಪಡಿಸುತ್ತಿದ್ದರು. ಅವರ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತವಾಗಿ ಐದು ಸಲ ರೋವರ್ಸ್ ಕಪ್ ಗೆದ್ದದ್ದರ ಹಿಂದೆ ಈ ಬಗೆಯ ಕಲಿಕೆಯೂ ಇತ್ತೆಂದು ನಾನು ನಂಬುತ್ತೇನೆ.

ದುರ್ಬಲ ಕಾಲಿನ ಆಟವನ್ನು ನಾನು ಮೊದಲು ಹದಿಮೂರು-ಹದಿನಾಲ್ಕು ವಯಸ್ಸಿನ ಹುಡುಗರಿಗೆ ಆಡಿಸಿದೆ. ಆರಂಭದಲ್ಲಿ ಪ್ರತಿಯೊಬ್ಬನೂ ಚೆಂಡು ಬಂದ ಮೇಲೆ ದೇಹವನ್ನು ತಿರುಗಿಸಿಕೊಳ್ಳಲು ಒಂದು ಹೆಜ್ಜೆ ಹೆಚ್ಚು ಹಾಕುತ್ತಿದ್ದ. ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಿದ್ದ. ನಾನು ಏನನ್ನೂ ಹೇಳದೆ ಆಟವನ್ನು ಮುಂದುವರಿಸಿದೆ. ಕೆಲವು ವಾರಗಳಲ್ಲಿ ಅವರು ಚೆಂಡು ಇನ್ನೂ ದಾರಿಯಲ್ಲಿರುವಾಗಲೇ ಭುಜದ ಮೇಲಿಂದ ಹಿಂದಕ್ಕೊಮ್ಮೆ ನೋಡಿ, ಸೊಂಟವನ್ನು ಮೈದಾನದತ್ತ ತೆರೆದುಕೊಂಡು, ಎಡಗಾಲಿನ ಒಳಬದಿಯನ್ನು ಸಿದ್ಧವಾಗಿ ಇಟ್ಟುಕೊಳ್ಳತೊಡಗಿದರು. ಈ ಅಭ್ಯಾಸದ ನಿಜವಾದ ಲಾಭ ಎಡಗಾಲಿನ ಬಲಕ್ಕಿಂತ ಮೊದಲೇ ನೋಡಿಕೊಳ್ಳುವ ಈ ಗುಣವೇ ಎಂದು ಅಂದು ನನಗೆ ಮನದಟ್ಟಾಯಿತು. ಆದರೆ ಡ್ರಿಬ್ಲಿಂಗ್ ನಿಷೇಧಿಸಿದ ಆಟವನ್ನು ನಾನು ಹತ್ತು ವರ್ಷದೊಳಗಿನ ಮಕ್ಕಳಿಗೆ ಆಡಿಸುವುದಿಲ್ಲ. ಆ ವಯಸ್ಸಿನಲ್ಲಿ ಚೆಂಡಿನೊಡನೆ ಸಲುಗೆ ಬೆಳೆಯಬೇಕು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾದ ಎದುರು 10-1ರಿಂದ ಸೋತ ಭಾರತ, ನಾಲ್ಕು ವರ್ಷಗಳ ತರುವಾಯ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಮಣಿಸಿ ಸೆಮಿಫೈನಲ್ ತಲುಪಿತು, ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು. ನಮ್ಮ ಬೆಂಗಳೂರಿನ ಕೆಂಪಯ್ಯ ಆ ತಂಡದಲ್ಲಿದ್ದರು. ಇದನ್ನು ನಾನು ಪ್ರತಿಯೊಂದು ಹೊಸ ತಂಡಕ್ಕೂ ಹೇಳುತ್ತೇನೆ.

1962ರ ಜಕಾರ್ತಾದ ಕಥೆ ನನ್ನ ಕೆಲಸಕ್ಕೆ ಇನ್ನೂ ಹತ್ತಿರದ್ದು. ದಕ್ಷಿಣ ಕೊರಿಯಾದ ಎದುರು ಮೊದಲ ಪಂದ್ಯವನ್ನೇ ಸೋತಿದ್ದ ತಂಡದಲ್ಲಿ, ಥಾಯ್ಲೆಂಡ್ ವಿರುದ್ಧ ಆಡುವಾಗ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಯಿತು. ಆಗ ಜರ್ನೈಲ್ ಅವರನ್ನು ರಹೀಂ ಮುಂಪಡೆಗೆ ತಂದರು. ಸೆಮಿಫೈನಲ್‌ನಲ್ಲೂ, ಅದೇ ಕೊರಿಯಾವನ್ನು 2-1ರಿಂದ ಸೋಲಿಸಿದ ಫೈನಲ್‌ನಲ್ಲೂ ಜರ್ನೈಲ್ ಗೋಲು ಹೊಡೆದರು. ಆ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ರಹೀಂ 1963ರ ಜೂನ್‌ನಲ್ಲಿ ತೀರಿಕೊಂಡರು.

ಇದನ್ನು ಓದಿದಂದಿನಿಂದ ಅಭ್ಯಾಸ ಪಂದ್ಯಗಳ ದ್ವಿತೀಯಾರ್ಧದಲ್ಲಿ ರಕ್ಷಣಾ ಆಟಗಾರರನ್ನು ಮುಂಪಡೆಗೂ ಮುಂಪಡೆಯವರನ್ನು ಹಿಂದಕ್ಕೂ ಕಳಿಸುತ್ತೇನೆ. ಮಗನ ಜಾಗ ಬದಲಾಯಿತೆಂದು ಬೇಸರಪಡುವ ಪೋಷಕರಿಗೆ, ಗೋಲು ಹೊಡೆಯುವವನು ಏನನ್ನು ಹುಡುಕುತ್ತಾನೆಂದು ಒಳಗಿನಿಂದ ಬಲ್ಲವನೇ ಅವನನ್ನು ತಡೆಯಬಲ್ಲ ಎಂದು ವಿವರಿಸುತ್ತೇನೆ. ಗೋಲ್‌ಕೀಪರ್‌ಗಳನ್ನು ಮಾತ್ರ ಈ ಅದಲುಬದಲಿನಿಂದ ಹೊರಗಿಟ್ಟು, ಅವರಿಗೆ ಕಾಲಿನಿಂದ ಚೆಂಡು ಹಂಚುವ ಅಭ್ಯಾಸವನ್ನು ಪ್ರತ್ಯೇಕವಾಗಿ ಮಾಡಿಸುತ್ತಿದ್ದೇನೆ.